ಕಾವಲಿನಲ್ಲಿ ಹುಲ್ಲಿದ್ದರೆ ಜಿಂಕೆ ಹೊಲಕ್ಕೇಕೆ ಬರುತ್ತೆ?

ಕಡ್ಲೆಕಾಯಿ ಮೊಳೆತು ನಾಲ್ಕೆಲೆ ಬಿಟ್ಟಿತೋ ಇಲ್ಲವೋ, ನಮ್ಮ ಮಧುಗಿರಿ ಕಡೆ ಜಿಂಕೆ ಮಾತು ಶುರು. ಇವುಗಳಿಗೊಂದು ಗತಿ ಕಾಣಿಸಬೇಕು ಅಂತ ಒಬ್ಬರು, ಬೇಲಿಗೆ ಕರೆಂಟು ಕೊಟ್ಟರೆ ಸರಿಹೋಗುತ್ತೆ ಅಂತ ಇನ್ನೊಬ್ಬರು. ನಾನೂ ಮಳೆ ನಂಬಿದ ಐದೆಕರೆ ಹೊಲ ಇರೋನು. ರಾತ್ರಿ ಕಳೆಯೋದ್ರೊಳಗೆ ಪೈರು ಮೇಯ್ದು ಹೋದರೆ ಹೊಟ್ಟೆ ಉರಿಯುತ್ತೆ. ಆದರೂ ಜಿಂಕೆ ಪರವಾಗಿ ನಾಲ್ಕು ಮಾತು ಬರೆಯಬೇಕು ಅನ್ನಿಸಿದೆ.

ನಾವು ಜಿಂಕೆ ಅನ್ನೋದು ಕೃಷ್ಣಮೃಗವನ್ನು. 1972ರ ಕಾನೂನಿನಲ್ಲಿ ಹುಲಿ, ಆನೆಗೆ ಇರುವಷ್ಟೇ ರಕ್ಷಣೆ ಇದಕ್ಕೂ ಇದೆ. ಉರುಳು ಹಾಕಿದರೆ ಜೈಲು. ಕರೆಂಟು ತಂತಿಯಂತೂ ಜಿಂಕೆ ಯಾವುದು, ಎತ್ತು ಯಾವುದು, ನೀರು ಕಟ್ಟಲು ಹೋದ ಮಗ ಯಾರು ಅಂತ ನೋಡೋದಿಲ್ಲ. ಆ ಮಾತು ಅಲ್ಲಿಗೆ ಬಿಡೋಣ.

ಅದು ಹೊಲಕ್ಕೆ ಬರೋದು ಯಾಕೆ? ಕೃಷ್ಣಮೃಗ ಬಯಲಿನ ಪ್ರಾಣಿ. ದೂರಕ್ಕೆ ಕಣ್ಣು ಹಾಯಬೇಕು, ತೋಳ ಕಂಡರೆ ಓಡೋಕೆ ಜಾಗ ಬೇಕು, ಮೇಯೋಕೆ ಹುಲ್ಲು ಬೇಕು. ಮರ ಒತ್ತಾಗಿದ್ದ ಕಡೆ ಅದು ನಿಲ್ಲೋದಿಲ್ಲ. ನಾವು ಮಾಡಿದ್ದೇನು? ಗೋಮಾಳ, ಕಾವಲು ಎಲ್ಲ ಪಾಳು ಬಿದ್ದಿದೆ ಅಂತ ಗುಂಡಿ ತೋಡಿ ನೀಲಗಿರಿ, ಅಕೇಶಿಯಾ ನೆಟ್ಟೆವು. ನೀಲಗಿರಿ ಸೊಪ್ಪನ್ನು ಆಡೂ ಮೂಸೋದಿಲ್ಲ. ಅದರ ಬುಡದಲ್ಲಿ ಮೇವಾಗುವಷ್ಟು ಹುಲ್ಲು ಎಲ್ಲಿಂದ ಬರಬೇಕು? ಮೇವು ಹೋಯಿತು, ಬಯಲೂ ಹೋಯಿತು. ಉಳಿದ ಬಯಲು ಅಂದರೆ ನಮ್ಮ ಕಡ್ಲೆಕಾಯಿ ಹೊಲ.

2017ರಲ್ಲಿ ಸರಕಾರ ಹೊಸದಾಗಿ ನೀಲಗಿರಿ ನೆಡೋದನ್ನು ನಿಷೇಧಿಸಿತು, ಒಳ್ಳೇದಾಯಿತು. ಆದರೆ ಹುಲ್ಲುಗಾವಲು ಕಂಡರೆ 'ಖಾಲಿ ಜಾಗ' ಅನ್ನೋ ರೋಗ ವಾಸಿಯಾಗಿಲ್ಲ. ವನಮಹೋತ್ಸವ ಬಂದರೆ ಗುಂಡಿ ತೋಡೋದು ಅಲ್ಲೇ. ಬೇವು, ಹೊಂಗೆ ನೆಡಲಿ ಸ್ವಾಮಿ, ಬೇಡ ಅನ್ನೋರು ಯಾರು? ಊರ ದಾರಿ ಇದೆ, ಕೆರೆ ಏರಿಯ ಕೆಳಗಿದೆ, ನಮ್ಮ ಬದುಗಳಿವೆ. ಹುಲ್ಲಿನ ನೆಲ ಹುಲ್ಲಾಗಿಯೇ ಇರಲಿ. ಅಲ್ಲಿ ಬಿದ್ದ ಮಳೆ ಬೇರಿಗೆ ಇಂಗಿ, ನಿಧಾನವಾಗಿ ಕೆರೆಗೆ ಇಳಿಯುತ್ತೆ. ನಮ್ಮ ದನ ಕುರಿ ಬದುಕಿದ್ದೂ ಅದರ ಮೇಲೇ. ಮೈಸೂರು ಅರಸರು ಅಮೃತಮಹಲ್ ದನಗಳಿಗೆ ಕಾವಲು ಬಿಟ್ಟಾಗ ಅವರಿಗೆ ಇದು ಪಾಳು ಭೂಮಿ ಅಂತ ಅನ್ನಿಸಿರಲಿಲ್ಲ.

ನಮ್ಮ ತಾಲ್ಲೂಕಿನ ಮೈದನಹಳ್ಳಿಯಲ್ಲೇ ನೋಡಿ. ಅಲ್ಲಿನ 798 ಎಕರೆ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಯಿತು. ನೂರಾರು ಜಿಂಕೆಗಳಿಗೆ ಅದೇನು ದೊಡ್ಡ ಜಾಗವಲ್ಲ, ಸುತ್ತ ಎಲ್ಲ ರೈತರ ಹೊಲಗಳೇ. ಆದರೆ ಇಂಥ ಮೀಸಲಿಗೆ ಒಂದು ಸಮಿತಿ ಇರಬೇಕು, ಅದರಲ್ಲಿ ಆ ಗ್ರಾಮ ಪಂಚಾಯಿತಿಗೂ ಒಂದು ಜಾಗ ಇರಬೇಕು ಅಂತ ಕಾನೂನೇ ಹೇಳುತ್ತೆ. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಆ ಕುರ್ಚಿಯಲ್ಲಿ ಬೇಸಾಯ ಬಲ್ಲವರನ್ನು ಕೂರಿಸಿ, ಹುಲ್ಲು ಬೆಳೆಸಿ, ಬೇಸಿಗೆಗೆ ತೊಟ್ಟಿಯಲ್ಲಿ ನೀರಿಡಿ, ಕಾವಲಿಗೆ ಬೆಂಕಿ ಬೀಳದಂತೆ ನೋಡಿ ಅಂತ ಕೇಳಿಸಬೇಕು. ಬೆಳೆ ಪರಿಹಾರವೂ ಅಷ್ಟೇ. ಅರ್ಜಿ, ಪಹಣಿ, ಫೋಟೋ ಅಂತ ಮೂರು ದಿನದ ಕೂಲಿ ಕಳಕೊಂಡು ಅಲೆಯೋ ರೈತ ನಾಲ್ಕನೇ ದಿನ ಜಿಂಕೆಗೆ ಶತ್ರು ಆಗ್ತಾನೆ. ಕಾಡುಪ್ರಾಣಿ ಉಳೀಬೇಕು ಅನ್ನೋ ಪಟ್ಟಣದವರು ಈ ಮಾತನ್ನೂ ಗಟ್ಟಿಯಾಗಿ ಹೇಳಬೇಕು.

ನಮ್ಮ ಕೈಲಾಗುವುದೂ ಇದೆ. ಹೊಲದ ಅಂಚಿಗೆ ನಾಲ್ಕು ಸಾಲು ಹುಚ್ಚೆಳ್ಳು, ನಡುವೆ ಹರಳು ಹಾಕೋದು ನಮ್ಮ ಹಿರಿಯರ ಪದ್ಧತಿ. ಹುಚ್ಚೆಳ್ಳು ದನಕ್ಕೇ ಒಗ್ಗದು; ಜಿಂಕೆಯನ್ನು ಪೂರ್ತಿ ತಡೆಯದಿದ್ದರೂ ನನ್ನ ಹೊಲದಲ್ಲಿ ನಷ್ಟ ಕಡಿಮೆಯಾಗಿದೆ. ಹೂವಿಗೆ ಜೇನು ಬರುತ್ತೆ, ಎಣ್ಣೆ ಮನೆಗಾಗುತ್ತೆ. ಬದುವನ್ನು ಬೋಳಿಸಬೇಡಿ, ಬದುವಿಗೆ ಕಳೆನಾಶಕ ಹೊಡೀಬೇಡಿ. ಅಲ್ಲಿ ಗೌಜಲ ಹಕ್ಕಿ ಮೊಟ್ಟೆ ಇಡುತ್ತೆ, ಇಲಿ ಹಿಡಿಯೋ ಕೇರೆಹಾವು ಇರುತ್ತೆ.

ಇನ್ನೊಂದು, ಕೋಳಿ ಅಂಗಡಿ ಕಸ. ಅದನ್ನು ಊರಾಚೆ ಸುರೀತಾರೆ, ತಿಂದು ಕೊಬ್ಬಿದ ಬೀದಿನಾಯಿಗಳು ಹಿಂಡು ಕಟ್ಟಿಕೊಂಡು ಜಿಂಕೆಮರಿ ಅಟ್ಟುತ್ತವೆ. ಮರಿ ಸಿಗದ ದಿನ ಕುರಿಹಟ್ಟಿಗೂ ನುಗ್ಗುತ್ತವೆ. ಇದನ್ನು ನಿಲ್ಲಿಸಲು ಅರಣ್ಯ ಇಲಾಖೆ ಬರಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ನಿಂತು ಕೇಳಿದರೆ ಸಾಕು. ನಮ್ಮೂರಲ್ಲಿ ನಾನು ಕೇಳ್ತೀನಿ.