ದಪ್ಪ ಒಂದೇ, ಹೆಜ್ಜೆ ಬೇರೆ



ಕಳೆದ ಮಳೆಗಾಲದಲ್ಲಿ ನಾನೊಂದು ತಪ್ಪು ಮಾಡಿದೆ. ಅದರ ಕಾರಣ ಕಂಡುಹಿಡಿದವನು ಒಂಬತ್ತನೇ ತರಗತಿಯ ಒಬ್ಬ ಹುಡುಗ. ಆ ತಪ್ಪಿನಿಂದಲೇ ಈ ಲೇಖನ ಶುರು ಮಾಡುತ್ತೇನೆ.

ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಮಾವನವರ ಕಾಲದ ಒಂದು ಬೈಕ್ ಇದೆ. ಬಿ.ಎಸ್.ಎ. ಎಂ 20. ಬಿ.ಎಸ್.ಎ. ಅಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. 1861ರಲ್ಲಿ ಬಂದೂಕು ತಯಾರಿಸಲು ಹುಟ್ಟಿದ ಕಂಪೆನಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಗೆ ಈ ಮಾದರಿಯ ಒಂದೂಕಾಲು ಲಕ್ಷದಷ್ಟು ಬೈಕುಗಳನ್ನು ಅದು ಮಾಡಿಕೊಟ್ಟಿತು. ನಮ್ಮ ಗಾಡಿ ಮಾತ್ರ ಎಷ್ಟೋ ವರ್ಷದಿಂದ ಅಡಿಕೆ ಗೋಣಿಗಳ ಅಡಿಯಲ್ಲಿ ಮಲಗಿತ್ತು. ಎರಡು ವರ್ಷದಿಂದ ರಜಾದಿನಗಳಲ್ಲಿ ಅದನ್ನು ಬಿಚ್ಚಿ, ತೊಳೆದು, ಜೋಡಿಸುತ್ತಾ ಇದ್ದೇನೆ. ನೆರೆಮನೆಯ ಹುಡುಗ, ನಮ್ಮ ಶಾಲೆಯವನೇ, ಸಹಾಯಕ್ಕೆ ಬರುತ್ತಾನೆ. ಪರೀಕ್ಷೆಯಲ್ಲಿ ಅವನ ಅಂಕಗಳನ್ನು ನೋಡಿದರೆ ನೀವು ಅವನನ್ನು ಹಿಂದಿನ ಬೆಂಚಿಗೇ ಕಳಿಸುತ್ತೀರಿ. ನಾನೂ ಕಳಿಸಿದ್ದೆ.

ಇಂಜಿನಿನ ಅಲ್ಯೂಮಿನಿಯಂ ಕವಚಕ್ಕೆ ಒಂದು ಬೋಲ್ಟ್ ಬೇಕಿತ್ತು. ಹಳೆಯದು ತುಕ್ಕು ತಿಂದಿತ್ತು. ಪೇಟೆಯಿಂದ ತಂದ 8 ಮಿ.ಮೀ. ಬೋಲ್ಟ್ ಸರಿಯಾಗಿ ಕಂಡಿತು. ಎರಡು ಸುತ್ತು ಸಲೀಸಾಗಿ ಹೋಯಿತು, ಮೂರನೆಯದಕ್ಕೆ ಬಿಗಿಯಾಯಿತು. ಹುಡುಗ, "ಇದು ಹೋಗುದಿಲ್ಲ ಮಾಷ್ಟ್ರೇ" ಅಂದ. ನಾನು ಸ್ಪ್ಯಾನರ್ ಹಾಕಿ ಬಲವಾಗಿ ತಿರುಗಿಸಿದೆ. ಬೋಲ್ಟ್ ಹೋಯಿತು, ಜೊತೆಗೆ ಎಂಬತ್ತು ವರ್ಷ ಉಳಿದಿದ್ದ ಥ್ರೆಡ್ಡೂ ಹೋಯಿತು. ಅಲ್ಯೂಮಿನಿಯಂ ಪುಡಿ ಕೈಗೆ ಬಂತು.

ನಾನು ಬೇಜಾರಿನಿಂದ ಚಹಾ ಕುಡಿಯಲು ಹೋದೆ. ಹಿಂತಿರುಗಿ ಬಂದಾಗ ಹುಡುಗ ಎರಡೂ ಬೋಲ್ಟುಗಳನ್ನು ಸ್ಕೇಲಿನ ಪಕ್ಕ ಇಟ್ಟು ಗೆರೆ ಎಣಿಸುತ್ತಾ ಕೂತಿದ್ದ. ಹಳೆಯದರಲ್ಲಿ ಒಂದು ಇಂಚಿಗೆ 18 ಗೆರೆ. ಹೊಸದರಲ್ಲಿ 20ಕ್ಕಿಂತ ಸ್ವಲ್ಪ ಜಾಸ್ತಿ. "ದಪ್ಪ ಒಂದೇ ಮಾಷ್ಟ್ರೇ, ಹೆಜ್ಜೆ ಬೇರೆ" ಅಂದ. ಅವನು ಯಕ್ಷಗಾನ ಕಲಿಯುವವನು. ನಾನು ಕಾಲೇಜಿನಲ್ಲಿ 'ಪಿಚ್' ಎಂದು ಕಲಿತದ್ದು ಅವನ ಬಾಯಲ್ಲಿ ಹೆಜ್ಜೆಯಾಗಿತ್ತು.

ಲೆಕ್ಕ ಹಾಕಿ ನೋಡಿ. ಹಳೆಯದು 5/16 ಇಂಚಿನ ವಿಟ್‌ವರ್ತ್ ಬೋಲ್ಟ್, ಅಂದರೆ 7.94 ಮಿ.ಮೀ. ದಪ್ಪ. ಎಂಟು ಮಿಲಿಮೀಟರಿನದಕ್ಕೂ ಇದಕ್ಕೂ ಕಣ್ಣಿಗೆ ವ್ಯತ್ಯಾಸವೇ ಕಾಣದು. ಆದರೆ ಹಳೆಯದರ ಹೆಜ್ಜೆ 1.41 ಮಿ.ಮೀ., ಹೊಸದರದ್ದು 1.25 ಮಿ.ಮೀ. ಒಂದು ಸುತ್ತಿಗೆ 0.16 ತಪ್ಪು, ಮೂರು ಸುತ್ತಿಗೆ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಗೆರೆಯ ಕೋನವೂ ಬೇರೆ: ವಿಟ್‌ವರ್ತ್‌ನದ್ದು 55 ಡಿಗ್ರಿ, ಮೆಟ್ರಿಕ್‌ನದ್ದು 60. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಈ ಅಳತೆಗಳನ್ನು ಮುಂದಿಡುವ ಮೊದಲು ಇಂಗ್ಲೆಂಡಿನ ಒಂದೊಂದು ಕಾರ್ಖಾನೆಗೂ ಒಂದೊಂದು ಥ್ರೆಡ್ ಇತ್ತು. ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಸೇರುತ್ತಿರಲಿಲ್ಲ. 'ಏಕಮಾನಗಳ ಅಗತ್ಯ' ಎಂದು ನಾವು ಪಾಠದಲ್ಲಿ ಓದಿಸುವುದು ಇದನ್ನೇ. ಇಪ್ಪತ್ತು ವರ್ಷದಿಂದ ಆ ಪಾಠ ಮಾಡಿದ ನಾನೇ ಅಳೆಯದೆ ಬಿಗಿ ಮಾಡಿದೆ!

ಈಗ ನನ್ನ ಮಾತಿಗೆ ಬರುತ್ತೇನೆ. ನಾವು ಮಕ್ಕಳಿಗೆ ವಿಜ್ಞಾನದ ವ್ಯಾಖ್ಯೆ ಕಲಿಸುತ್ತೇವೆ, ಆ ವ್ಯಾಖ್ಯೆ ಕೈಗೆ ತಾಗುವ ಜಾಗ ತೋರಿಸುವುದಿಲ್ಲ. ಶಾಸ್ತ್ರ ಮೇಳ ಬಂತೆಂದರೆ ಥರ್ಮೋಕೋಲ್, ಬಣ್ಣದ ಕಾಗದ, ಅಂಗಡಿಯಿಂದ ತಂದ ಸಣ್ಣ ಮೋಟಾರು. ಮೇಳ ಮುಗಿದ ಮರುದಿನ ಅದು ಕಸದ ರಾಶಿಗೆ. ಬಿಚ್ಚಿ ಜೋಡಿಸಬಹುದಾದ ಒಂದು ಹಳೆಯ ಯಂತ್ರ ಶಾಲೆಯಲ್ಲಿದ್ದರೆ ಅದು ವರ್ಷಗಟ್ಟಲೆ ಪಾಠ ಹೇಳುತ್ತದೆ. ಮೂರು ಉದಾಹರಣೆ ಕೊಡುತ್ತೇನೆ.

ಒಂದು, ಉಷ್ಣ ವ್ಯಾಕೋಚನ. ನಮ್ಮ ಪುಸ್ತಕಗಳಲ್ಲಿ ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕುವ ಉದಾಹರಣೆ ಇರುತ್ತಿತ್ತು. ಈಗಿನ ಮಕ್ಕಳು ಆ ಚಕ್ರವನ್ನೇ ಕಂಡಿಲ್ಲ. ಇಂಜಿನಿನ ಕವಚಕ್ಕೆ ಬೇರಿಂಗ್ ಕೂರಿಸುವುದು ಅದೇ ಕೆಲಸ. ಕವಚವನ್ನು ಕುದಿಯುವ ನೀರಿನ ಹಂಡೆಯಲ್ಲಿ ಇಟ್ಟೆವು. ಬೇರಿಂಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್ಜಿನ ಫ್ರೀಜರಿನಲ್ಲಿ. 62 ಮಿ.ಮೀ. ವ್ಯಾಸದ ಗುಂಡಿ 30 ಡಿಗ್ರಿಯಿಂದ 100 ಡಿಗ್ರಿಗೆ ಬಿಸಿಯಾದರೆ ಸುಮಾರು 0.1 ಮಿ.ಮೀ. ಅಗಲವಾಗುತ್ತದೆ. ಉಕ್ಕಿನ ಬೇರಿಂಗ್ ತಣ್ಣಗಾಗಿ ಇನ್ನೂ ಸ್ವಲ್ಪ ಕುಗ್ಗುತ್ತದೆ. ಸುತ್ತಿಗೆ ಬೇಕಾಗಲಿಲ್ಲ, ನೀರು ಒರೆಸಿ ಇಟ್ಟದ್ದೇ ಟಕ್ ಎಂದು ಕೂತಿತು. ಹುಡುಗನ ಮುಖ ನೀವು ನೋಡಬೇಕಿತ್ತು.

ಎರಡು, ತುಕ್ಕು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಕಬ್ಬಿಣ ಬಾಳುವುದು ಕಷ್ಟ. ಮಡ್‌ಗಾರ್ಡಿನಿಂದ ಉದುರಿದ ಪುಡಿಯನ್ನು ಗೋಡೆಯ ಮುರಕಲ್ಲಿನ ಪುಡಿಯ ಪಕ್ಕ ಇಟ್ಟು ನೋಡಿ. ಎರಡಕ್ಕೂ ಆ ಬಣ್ಣ ಬಂದದ್ದು ಕಬ್ಬಿಣದ ಆಕ್ಸೈಡುಗಳಿಂದ. ಸಣ್ಣ ಬಿಡಿಭಾಗಗಳನ್ನು ನಾವು ಬಿಂಬುಳಿ ರಸದಲ್ಲಿ ನೆನೆಹಾಕಿದೆವು. ಅದರಲ್ಲಿ ಆಕ್ಸಾಲಿಕ್ ಆಮ್ಲ ಇದೆ, ತುಕ್ಕನ್ನು ಕರಗಿಸುತ್ತದೆ. ಆಮೇಲೆ ಸೋಡಾ ನೀರಿನಲ್ಲಿ ತೊಳೆದು, ಒಣಗಿಸಿ, ಕೂಡಲೇ ಎಣ್ಣೆ ಸವರಬೇಕು. ಇಲ್ಲವಾದರೆ ಮರುದಿನ ಪುನಃ ತುಕ್ಕು. ಆಮ್ಲ, ಪ್ರತ್ಯಾಮ್ಲ, ಉತ್ಕರ್ಷಣ ಮೂರೂ ಒಂದೇ ಬಾಲ್ದಿಯಲ್ಲಿ.

ಮೂರು, ವಿದ್ಯುತ್ಕಾಂತೀಯ ಪ್ರೇರಣೆ. ಈ ಬೈಕಿನ ಕಿಡಿಗೆ ಬ್ಯಾಟರಿ ಬೇಡ. ಮ್ಯಾಗ್ನೆಟೊ ಎಂಬ ಭಾಗದಲ್ಲಿ ಕಾಂತದ ಧ್ರುವಗಳ ನಡುವೆ ತಂತಿ ಸುರುಳಿ ತಿರುಗುತ್ತದೆ. ಸರಿಯಾದ ಕ್ಷಣಕ್ಕೆ ಸಂಪರ್ಕ ಬಿಂದುಗಳು ತೆರೆದಾಗ ಕಿಡಿ. ಫ್ಯಾರಡೆ 1831ರಲ್ಲಿ ಕಂಡದ್ದನ್ನು ಹತ್ತನೇ ತರಗತಿಯಲ್ಲಿ ಗ್ಯಾಲ್ವನೋಮೀಟರಿನ ಮುಳ್ಳು ಅಲುಗಾಡಿಸಿ ತೋರಿಸುತ್ತೇವೆ. ಪ್ಲಗ್ ಬಿಚ್ಚಿ ಇಂಜಿನಿಗೆ ತಾಗಿಸಿ ಇಟ್ಟು ಕಿಕ್ ಹೊಡೆದಾಗ ಬರುವ ನೀಲಿ ಕಿಡಿಯನ್ನು ಮಗು ಮರೆಯುವುದಿಲ್ಲ. ಪೆಟ್ರೋಲ್ ಟ್ಯಾಂಕ್ ದೂರದಲ್ಲಿ ಇರಬೇಕು, ಅಷ್ಟೆ.

ಇನ್ನು ಭಾಷೆಯ ಮಾತು. ಗಡಿನಾಡಿನ ನಮಗೆ ಇದು ಚಿಕ್ಕ ವಿಷಯ ಅಲ್ಲ. ನಮ್ಮ ಮಕ್ಕಳ ಮನೆಮಾತು ತುಳು, ಕೊಂಕಣಿ, ಮಲಯಾಳ, ಬ್ಯಾರಿ, ಮರಾಠಿ ಏನೂ ಇರಬಹುದು, ಶಾಲೆಯಲ್ಲಿ ಕನ್ನಡ. ಹತ್ತನೆಯ ನಂತರ ಪಾಲಿಟೆಕ್ನಿಕ್, ಐ.ಟಿ.ಐ. ಸೇರಿದಾಗ ಕನ್ನಡ ಬಿಟ್ಟುಹೋಗುತ್ತದೆ. ಆಗ ಮಕ್ಕಳಿಗೆ ಏನನ್ನಿಸುತ್ತದೆ? ಕನ್ನಡ ಅಂದರೆ ಪ್ರಶ್ನೆಪತ್ರಿಕೆಯ ಭಾಷೆ, ಕೆಲಸದ ಭಾಷೆ ಬೇರೆ ಅಂತ. ಇದಕ್ಕೆ ಪರಿಹಾರ ಎಂದು ನಾವು ಸ್ಪ್ಯಾನರಿಗೂ ವಾಷರಿಗೂ ಹೊಸ ಕನ್ನಡ ಪದ ಹುಡುಕುತ್ತಾ ಕೂರುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅದು ಬೇಡ. ನಟ್ಟು, ಬೋಲ್ಟು, ಬೇರಿಂಗ್ ಎಲ್ಲ ಭಾಷೆಯ ವರ್ಕ್‌ಶಾಪಿನಲ್ಲೂ ಅವೇ. ಹೆಸರು ಎಲ್ಲಿಂದಲಾದರೂ ಬರಲಿ, 'ಯಾಕೆ' ಎಂಬ ವಾಕ್ಯ ಕನ್ನಡದಲ್ಲಿರಲಿ. 'ದಪ್ಪ ಒಂದೇ, ಹೆಜ್ಜೆ ಬೇರೆ' ಎಂಬ ಮಾತನ್ನು ಯಾವ ಪದಕೋಶದವರೂ ಕೊಟ್ಟದ್ದಲ್ಲ. ಕೈಯಲ್ಲಿ ಬೋಲ್ಟ್ ಇತ್ತು, ಮಾತು ತಾನಾಗಿ ಬಂತು.

ಆಕ್ಷೇಪಗಳು ಬರುತ್ತವೆ, ಗೊತ್ತು. "ಇದು ದುಡ್ಡಿದ್ದವರ ಹವ್ಯಾಸ ಅಲ್ವಾ ಮಾಷ್ಟ್ರೇ?" ಎಂದು ಸ್ಟಾಫ್ ರೂಮಿನಲ್ಲೇ ಕೇಳಿದರು. ಹೌದು, ಹಳೆಯ ಬ್ರಿಟಿಷ್ ಬೈಕ್ ಎಲ್ಲರಿಗೂ ಸಿಗದು, ಸಿಗಬೇಕಾಗಿಯೂ ಇಲ್ಲ. ಅಡಿಕೆ ತೋಟದ ಬದಿಯಲ್ಲಿ ಬಿದ್ದಿರುವ ಹಳೆಯ ಸೀಮೆಎಣ್ಣೆ ಪಂಪ್‌ಸೆಟ್ಟಿನಲ್ಲೂ ಪಿಸ್ಟನ್ ಇದೆ, ಬೇರಿಂಗ್ ಇದೆ, ಪ್ಲಗ್ ಇದೆ. ನಮ್ಮ ಎಂ 20ರ ಸಿಲಿಂಡರಿನ ವ್ಯಾಸ 82 ಮಿ.ಮೀ., ಪಿಸ್ಟನ್ ಚಲಿಸುವ ದೂರ 94 ಮಿ.ಮೀ.; ಸಿಲಿಂಡರಿನ ಘನಫಲದ ಸೂತ್ರ ಹಾಕಿದರೆ 496 ಸಿಸಿ ಸಿಗುತ್ತದೆ. ನಿಮ್ಮ ಊರಿನ ಪಂಪ್‌ಸೆಟ್ಟಿಗೂ ಅದೇ ಸೂತ್ರ.

"ಬ್ರಿಟಿಷರ ಗಾಡಿಗೆ ಇಷ್ಟು ಪ್ರೀತಿ ಯಾಕೆ?" ಎಂದೂ ಕೇಳಿದವರಿದ್ದಾರೆ. ಇದನ್ನು ಮಾಡಿದವರು ಕಾರ್ಖಾನೆಯ ಕೂಲಿಗಳು. 1940ರ ನವೆಂಬರ್ 19ರ ರಾತ್ರಿ ಬರ್ಮಿಂಗ್‌ಹ್ಯಾಮಿನ ಆ ಕಾರ್ಖಾನೆಯ ಮೇಲೆ ಬಾಂಬ್ ಬಿದ್ದು 53 ಮಂದಿ ಕೆಲಸಗಾರರು ಸತ್ತರು. ಸಾಮ್ರಾಜ್ಯದ ಲೆಕ್ಕ ಬೇರೆ, ಕೆಲಸ ಬಲ್ಲವನ ಕೈಯ ಲೆಕ್ಕ ಬೇರೆ.

ಅಪಾಯದ ಮಾತನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಆ ಕಾಲದ ಬ್ರೇಕ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ; ಊದಬಾರದು, ಉಜ್ಜಬಾರದು, ಮಕ್ಕಳನ್ನು ಹತ್ತಿರ ಬಿಡಲೇಬಾರದು. ಖಾಲಿ ಪೆಟ್ರೋಲ್ ಟ್ಯಾಂಕಿಗೆ ವೆಲ್ಡಿಂಗ್ ಮಾಡುವುದೂ ಅಷ್ಟೇ ಅಪಾಯ; ಒಳಗೆ ಉಳಿದ ಆವಿಯೇ ಸ್ಫೋಟಿಸುತ್ತದೆ. ಆಮ್ಲದ ಕೆಲಸಕ್ಕೆ ಕೈಗವಸು, ಕನ್ನಡಕ ಬೇಕು. ಎಲ್ಲಿ ಕೈ ಹಾಕಬಾರದು ಅಂತ ತಿಳಿಯುವುದೂ ವಿಜ್ಞಾನವೇ.

ಹಾಗಾಗಿ ನನ್ನ ಸೂಚನೆ ಇಷ್ಟು. ಮುಂದಿನ ಮೇಳಕ್ಕೆ ಮೊದಲು ಪ್ರತಿ ಶಾಲೆಯೂ ಒಂದು ಕೆಟ್ಟ ಯಂತ್ರ ಹುಡುಕಲಿ: ಪಂಪ್‌ಸೆಟ್, ಹೊಲಿಗೆ ಯಂತ್ರ, ಸೈಕಲ್ ಆದರೂ ಸಾಕು. ಮಕ್ಕಳು ಬಿಚ್ಚುವಾಗ ಪ್ರತಿ ಭಾಗಕ್ಕೂ ಚೀಟಿ ಕಟ್ಟಲಿ, ಅಳತೆ ಬರೆಯಲಿ, ಚಿತ್ರ ಬಿಡಿಸಲಿ. ಓಡದಿದ್ದರೂ ಪರವಾಗಿಲ್ಲ. ಆ ನೋಟುಪುಸ್ತಕಕ್ಕೆ ಅಂಕ ಕೊಡಿ, ಥರ್ಮೋಕೋಲಿನ ಬಣ್ಣಕ್ಕೆ ಬೇಡ.

ಅಂದು ಹಾಳಾದ ತೂತನ್ನು ಲೇತಿನಲ್ಲಿ ಅಗಲ ಮಾಡಿಸಿ, ಒಳಗೆ ಬುಷ್ ಕೂರಿಸಿ, ಅದರಲ್ಲಿ ಇಂಚಿಗೆ 18ರ ಥ್ರೆಡ್ ತೆಗೆಸಿದೆವು. ಹೊಸ ಬೋಲ್ಟನ್ನು ಹುಡುಗನೇ ಕೈಬೆರಳಿನಲ್ಲಿ ತಿರುಗಿಸಿದ. ಕೊನೆಯವರೆಗೂ ಸಲೀಸಾಗಿ ಹೋಯಿತು. ಸ್ಪ್ಯಾನರನ್ನು ನನ್ನ ಕೈಗೆ ಕೊಡುವ ಮೊದಲು ಅವನು ಒಮ್ಮೆ ನನ್ನ ಮುಖ ನೋಡಿದ. ನಾನು ಸ್ಕೇಲ್ ತೋರಿಸಿದೆ. ಆಮೇಲೆಯೇ ಕೊಟ್ಟ.