ಮಂಜುಗಡ್ಡೆಯ ಮೇಲಿನ ಪರೀಕ್ಷೆ

ಪರೀಕ್ಷೆ ಎಂದೊಡನೆ ಅದರ ಬೆನ್ನಿಗೇ ಅಂಕಪಟ್ಟಿ, ಮುಂದಿನ ತರಗತಿ, ಉದ್ಯೋಗ ಎಂಬ ಚಿಂತೆಗಳು ಸಾಲುಗಟ್ಟಿ ಬರುವುದು ವಾಡಿಕೆ. ಯಾವ ಉದ್ಯೋಗವನ್ನೂ ಕೊಡದ, ಯಾರೂ ಒತ್ತಾಯಪಡಿಸದ ಪರೀಕ್ಷೆಯೊಂದಕ್ಕೆ ನಲವತ್ತು ಐವತ್ತು ವರ್ಷದ ಗೃಹಸ್ಥರು ಹಣ ತೆತ್ತು, ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಅಳುಕುತ್ತ ಹೋಗಿ ನಿಲ್ಲುವರೆಂದರೆ ನಂಬುವುದು ಕಷ್ಟ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅಂಥ ಪರೀಕ್ಷೆಯೊಂದು ನಡೆಯುತ್ತದೆ. ಅದು ಮಂಜುಗಡ್ಡೆಯ ಮೇಲೆ ಜಾರುವ ಕಲೆಯಾದ ಫಿಗರ್ ಸ್ಕೇಟಿಂಗಿನ ಪರೀಕ್ಷೆ.

ಗಡ್ಡೆಗಟ್ಟಿದ ಕೆರೆಯನ್ನು ಕಾಣದ ನಾಡಿನವರಿಗೆ ಈ ಕಲೆಯ ಪರಿಚಯ ಸ್ವಲ್ಪ ಬೇಕಾಗುತ್ತದೆ. ಕಾಂಕ್ರೀಟಿನ ನೆಲದೊಳಗೆ ಹುದುಗಿಸಿದ ಕೊಳವೆಗಳಲ್ಲಿ ಅತಿಶೀತಲವಾದ ಉಪ್ಪುನೀರನ್ನು ಹರಿಯಿಸಿ, ನೆಲದ ಮೇಲೆ ಒಂದೆರಡು ಅಂಗುಲ ದಪ್ಪದ ಗಡ್ಡೆಯನ್ನು ಕಟ್ಟಿಸುತ್ತಾರೆ. ಜಾರುವವರ ಬೂಟಿನ ಅಡಿಯಲ್ಲಿ ಸುಮಾರು 4 ಮಿಲಿಮೀಟರ್ ದಪ್ಪದ ಉಕ್ಕಿನ ಅಲಗು ಇರುತ್ತದೆ. ಅದರ ತಳವು ನಡುವೆ ತುಸು ತೋಡಿದಂತಿರುವುದರಿಂದ ಅಲಗಿಗೆ ಒಳ ಅಂಚು, ಹೊರ ಅಂಚು ಎಂಬ ಎರಡು ಅಂಚುಗಳು ಏರ್ಪಡುತ್ತವೆ. ದೇಹವು ಯಾವ ಅಂಚಿನತ್ತ ವಾಲಿದರೆ ಗೆರೆಯು ಆ ಕಡೆಗೆ ಬಾಗುತ್ತದೆ. ಎರಡು ಅಂಚುಗಳನ್ನೂ ಊರಿ ನೇರವಾಗಿ ಜಾರುವುದು ಸುಲಭ. ಒಂದೇ ಅಂಚನ್ನು ನಂಬಿ, ಒಂಟಿಕಾಲಿನಲ್ಲಿ ಬಾಗಿ ಸಾಗುವುದೇ ವಿದ್ಯೆ. ಕಲೆಯ ಹೆಸರಿನಲ್ಲಿರುವ ‘ಫಿಗರ್’ ಎಂಬುದು ಹೀಗೆ ಗಡ್ಡೆಯ ಮೇಲೆ ಬರೆಯುತ್ತಿದ್ದ ಆಕೃತಿಯೇ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಆಕೃತಿರಚನೆಯನ್ನು 1990ರಲ್ಲಿ ಕೈಬಿಟ್ಟರೂ ಹೆಸರು ಮಾತ್ರ ಉಳಿದುಕೊಂಡಿದೆ.

ಐದಾರು ವರ್ಷದ ಮಗುವು ಈ ಅಂಗಳಕ್ಕಿಳಿದು ಹತ್ತು ಸಲ ಬಿದ್ದರೂ ನಗುತ್ತ ಏಳುತ್ತದೆ. ಅದರ ಪಾಲಿಗೆ ನೆಲವು ದೂರವಿಲ್ಲ. ವಯಸ್ಕನ ಕಥೆ ಬೇರೆ. ಅವನು ಬೀಳುವುದು ಎತ್ತರದಿಂದ. ಅವನ ತೂಕವೂ ಹೆಚ್ಚು. ಮಣಿಕಟ್ಟು ಮುರಿದರೆ ಮರುದಿನದ ದುಡಿಮೆಗೆ ಕುತ್ತು. ಇವೆಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಬಿದ್ದರೆ ಏನಾಗುವುದೆಂಬುದು ಅವನಿಗೆ ಮೊದಲೇ ತಿಳಿದಿರುವುದು. ಭಯಗೊಂಡ ದೇಹವು ಸೆಟೆದುಕೊಳ್ಳುತ್ತದೆ, ಸೆಟೆದ ದೇಹವು ಬೇಗ ಬೀಳುತ್ತದೆ. ಆದುದರಿಂದಲೇ ಶಿಕ್ಷಕರು ಮುಂದೆ ಸಾಗುವುದಕ್ಕಿಂತ ಮೊದಲು ಮೊಣಕಾಲು ಬಗ್ಗಿಸಿ ಪಕ್ಕಕ್ಕೆ ಬೀಳುವುದನ್ನೂ, ಬಿದ್ದವರು ಏಳುವುದನ್ನೂ ಕಲಿಸುತ್ತಾರೆ.

ಆ ದೇಶದ ಫಿಗರ್ ಸ್ಕೇಟಿಂಗ್ ಸಂಘವು ಸ್ಥಾಪನೆಯಾದುದು 1921ರಲ್ಲಿ. ಅದರ ಸಾಮಾನ್ಯ ಪರೀಕ್ಷೆಗಳ ಮೇಲಿನ ಮೆಟ್ಟಿಲುಗಳಲ್ಲಿ ಗಾಳಿಯಲ್ಲಿ ಎರಡು ಸುತ್ತು ತಿರುಗುವ ನೆಗೆತಗಳನ್ನು ಮಾಡಿ ತೋರಿಸಬೇಕು. ತಡವಾಗಿ ಕಲಿಯತೊಡಗಿದ ಬಹುಮಂದಿಗೆ ಇದು ಎಟುಕದ ಮಾತು. ಆದುದರಿಂದ ವಯಸ್ಕರಿಗೆಂದೇ ಪೂರ್ವಕಂಚು, ಕಂಚು, ಬೆಳ್ಳಿ, ಚಿನ್ನ ಎಂಬ ಬೇರೆ ಶ್ರೇಣಿಗಳನ್ನು ಏರ್ಪಡಿಸಲಾಯಿತು. 1995ರಲ್ಲಿ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ ನಗರದಲ್ಲಿ ವಯಸ್ಕರ ಮೊದಲ ರಾಷ್ಟ್ರೀಯ ಸ್ಪರ್ಧೆಯೂ ನಡೆಯಿತು.

ಇದು ವಯಸ್ಸಿಗೆ ತೋರಿದ ರಿಯಾಯಿತಿಯಲ್ಲವೇ ಎಂದು ಆಕ್ಷೇಪಿಸುವವರಿದ್ದಾರೆ. ಆ ಮಾತು ಸರಿಯಲ್ಲ. ಕಡಮೆಯಾದುದು ನೆಗೆತದ ಸುತ್ತುಗಳೇ ಹೊರತು ಅಂಚಿನ ಶುದ್ಧಿಯಲ್ಲ. ಒಂಟಿಕಾಲಿನ ಗೆರೆಯು ಅಲುಗಿದರೆ ಮೂವತ್ತರ ಪ್ರಾಯದವರದೂ ತಪ್ಪೇ, ಅರವತ್ತರವರದೂ ತಪ್ಪೇ. ಆಕ್ಸೆಲ್ ಎಂಬ ನೆಗೆತವೊಂದುಂಟು. ನಾರ್ವೆಯ ಆಕ್ಸೆಲ್ ಪೌಲ್ಸನ್ 1882ರಲ್ಲಿ ವಿಯೆನ್ನಾ ನಗರದಲ್ಲಿ ಅದನ್ನು ಮಾಡಿ ತೋರಿಸಿದುದರಿಂದ ಅದಕ್ಕೆ ಆ ಹೆಸರು ಬಂದಿತು. ಮುಂದಕ್ಕೆ ಮುಖಮಾಡಿ ಹಾರಿ, ಹಿಮ್ಮುಖವಾಗಿ ಇಳಿಯಬೇಕಾದುದರಿಂದ ಅದರಲ್ಲಿ ಒಂದೂವರೆ ಸುತ್ತು. ಚುರುಕಾದ ಬಾಲಕಿಗೆ ಕೆಲವು ತಿಂಗಳಲ್ಲಿ ಒಲಿಯಬಹುದಾದ ಈ ನೆಗೆತಕ್ಕಾಗಿ ವಯಸ್ಕರು ವರ್ಷಗಟ್ಟಲೆ ಶ್ರಮಿಸುವುದುಂಟು. ಇಬ್ಬರನ್ನೂ ಒಂದೇ ಮೊಳದಲ್ಲಿ ಅಳೆದರೆ ಅಳತೆಗೆ ಸಿಗುವುದು ವಯಸ್ಸೇ ಹೊರತು ಕಲಿಕೆಯಲ್ಲ.

ಮನರಂಜನೆಗಾಗಿ ಕಲಿಯುವವರಿಗೆ ಪರೀಕ್ಷೆಯಾದರೂ ಏತಕ್ಕೆ ಎಂಬ ಇನ್ನೊಂದು ಪ್ರಶ್ನೆಗೆ ಹೆಚ್ಚು ತೂಕವಿದೆ. ಕಂಚು ಬೆಳ್ಳಿಗಳ ಬೆನ್ನುಹತ್ತಿ, ಜಾರುವುದರ ಸುಖವನ್ನೇ ಮರೆತವರು ಇಲ್ಲದಿಲ್ಲ. ಆದರೂ ತನ್ನ ಇಷ್ಟದಂತೆ ಜಾರುವವನು ತನಗೆ ಬರುವ ಬಲಗಾಲಿನ ತಿರುವನ್ನೇ ಮತ್ತೆ ಮತ್ತೆ ಮಾಡಿ ತೃಪ್ತನಾಗುತ್ತಾನೆ. ಬಾರದ ಎಡಗಾಲಿನ ತಿರುವಿನ ಗೋಜಿಗೆ ಹೋಗುವುದಿಲ್ಲ. ಪರೀಕ್ಷೆಯು ಎರಡು ಕಾಲುಗಳನ್ನೂ ಕೇಳುತ್ತದೆ. ಮೆಚ್ಚುವ ಗೆಳೆಯರು ಹೇಳದ ದೋಷವನ್ನು ಗಡ್ಡೆಯ ಬದಿಯಲ್ಲಿ ಕುಳಿತ ಅಪರಿಚಿತ ತೀರ್ಪುಗಾರನು ಹೇಳುತ್ತಾನೆ. ಅವನೂ ಸಂಬಳವಿಲ್ಲದೆ, ಕಲೆಯ ಮೇಲಣ ಪ್ರೀತಿಯಿಂದ ಆ ಚಳಿಯಲ್ಲಿ ಕುಳಿತವನೆಂಬುದನ್ನು ಮರೆಯಲಾಗದು.

ಈ ಪರೀಕ್ಷೆಯ ಫಲಿತಾಂಶದಲ್ಲಿ ‘ಅನುತ್ತೀರ್ಣ’ ಎಂಬ ಪದಕ್ಕೆ ಎಡೆಯಿಲ್ಲದಿರುವುದು ಅದರ ವಿಶೇಷ. ಸಾಲದೆ ಬಂದವರ ಹಾಳೆಯ ಮೇಲೆ ‘ಮತ್ತೆ ಯತ್ನಿಸಿರಿ’ ಎಂಬ ಅರ್ಥದ ಮಾತಿರುತ್ತದೆ. ಇದು ಬರಿಯ ಸೌಜನ್ಯವಲ್ಲ. ಮೊದಲಿನ ಪದವು ವ್ಯಕ್ತಿಯ ಮೇಲೆ ಕೊಟ್ಟ ತೀರ್ಪು. ಎರಡನೆಯದು ಅವನ ಮುಂದಿನ ಕೆಲಸ. ಜೊತೆಗೆ ತೀರ್ಪುಗಾರನ ಟಿಪ್ಪಣಿಯೂ ಇರುತ್ತದೆ. ಅದರಲ್ಲಿ ಎಡಗಾಲಿನ ಹೊರ ಅಂಚು ದುರ್ಬಲವೆಂದು ಬರೆದಿದ್ದರೆ, ಮರುವಾರದ ಮುಂಜಾನೆ, ಕಛೇರಿಯ ವೇಳೆಗೆ ಮುನ್ನ, ಎಡಗಾಲಿನ ಹೊರ ಅಂಚಿನಿಂದಲೇ ಅಭ್ಯಾಸವು ಮೊದಲಾಗುತ್ತದೆ.