ಆಕಾಶದ ಒಡೆತನ

ಸವದತ್ತಿ, ರಾಮದುರ್ಗ, ಬೈಲಹೊಂಗಲದ ಸುತ್ತಿನ ಹಳೆಯ ಹಳ್ಳಿಗಳಲ್ಲಿ ಅಲ್ಲೊಂದು ಇಲ್ಲೊಂದು ಹುಡೆ ಇಂದಿಗೂ ಉಳಿದಿದೆ. ಕಲ್ಲುಮಣ್ಣಿನ ಈ ದುಂಡು ಬುರುಜೇ ಒಂದು ಕಾಲಕ್ಕೆ ಊರಿನ ಅತ್ಯುನ್ನತ ಸ್ಥಳ. ಅದನ್ನೇರಿದವನು ಕಾವಲುಗಾರ, ಅವನ ಕಣ್ಣಿಗೆ ಬಿದ್ದದ್ದು ಊರಿಗೆಲ್ಲ ಸಲ್ಲತಕ್ಕದ್ದು. ಅಲ್ಲಿ ಯಾರೂ ಮನೆ ಮಾಡಿರಲಿಲ್ಲ. ಕಿತ್ತೂರಿನ ಪಾಳು ಅರಮನೆಯಲ್ಲಿ ಧ್ರುವ ನಕ್ಷತ್ರವನ್ನು ನೋಡುವ ಕಿಂಡಿಯೊಂದುಂಟು. ಪ್ರವಾಸಕ್ಕೆ ಹೋದ ಶಾಲೆಯ ಮಕ್ಕಳೆಲ್ಲ ಅದಕ್ಕೆ ಕಣ್ಣಿಟ್ಟು ಬರುತ್ತಾರೆ. ಆಕಾಶವನ್ನು ನೋಡಬೇಕಾದರೆ ಅದನ್ನು ಕೊಳ್ಳಲೇಬೇಕೆಂಬ ಕಾಲ ಆಗಿನ್ನೂ ಬಂದಿರಲಿಲ್ಲ.

ಈಗ ಬಂದಿದೆ. ನ್ಯೂಯಾರ್ಕ್ ನಗರದಲ್ಲಿ ಶ್ರೀಮಂತರ ವಾಸಕ್ಕೆಂದು ಎದ್ದಿರುವ ಕೋಲಿನಂತಹ ಗೋಪುರಗಳನ್ನು ನೋಡಿರಿ. 2015ರಲ್ಲಿ ಮುಗಿದ 432 ಪಾರ್ಕ್ ಅವೆನ್ಯೂ ಎಂಬುದರ ಎತ್ತರ 1,396 ಅಡಿ; ಒಂದೊಂದು ಮಗ್ಗುಲಿನ ಅಗಲ ಮಾತ್ರ 93 ಅಡಿ. ಅನಂತರ ಅದೇ ನಗರದ 57ನೆಯ ಬೀದಿಯಲ್ಲಿ ಎದ್ದ ಇನ್ನೊಂದರಲ್ಲಿ ಅಗಲ ಒಂದು ಪಾಲಾದರೆ ಎತ್ತರ ಸುಮಾರು ಇಪ್ಪತ್ತನಾಲ್ಕು ಪಾಲು. ಗಾಳಿಗೆ ಇವು ತೂಗಾಡುತ್ತವೆ. ಆ ತೂಗಾಟವನ್ನು ತಡೆಯಲು ನೆತ್ತಿಯಲ್ಲಿ ನೂರಾರು ಟನ್ನಿನ ಭಾರವನ್ನು ಅಳವಡಿಸುತ್ತಾರೆ; ಕಟ್ಟಡ ಒಂದು ಕಡೆಗೆ ವಾಲಿದರೆ ಭಾರ ಅದಕ್ಕೆ ಎದುರಾಗಿ ಸರಿದು ಅಂಕೆಯಲ್ಲಿಡುತ್ತದೆ. 432ರಲ್ಲಿ ಹನ್ನೆರಡು ಅಂತಸ್ತಿಗೊಮ್ಮೆ ಎರಡು ಅಂತಸ್ತುಗಳನ್ನು ಗಾಳಿ ಹಾಯ್ದುಹೋಗಲೆಂದೇ ತೆರೆದುಬಿಟ್ಟಿದ್ದಾರೆ. ಎಂಜಿನಿಯರರ ಬುದ್ಧಿಗೆ ಕೈಮುಗಿಯಬೇಕಾದದ್ದೇ. ಗಗನಚುಂಬಿ ಕಟ್ಟಡಗಳ ಈ ವಿದ್ಯೆಗೆ ತಳಹದಿ ಹಾಕಿದವರಲ್ಲಿ ಢಾಕಾದಲ್ಲಿ ಜನಿಸಿ ಷಿಕಾಗೋದಲ್ಲಿ ದುಡಿದ ಫಜ್ಲುರ್ ರಹಮಾನ್ ಖಾನರೂ ಒಬ್ಬರೆಂಬುದನ್ನು ನಮ್ಮ ವಿದ್ಯಾರ್ಥಿಗಳು ಅರಿತಿರಬೇಕು.

ಇಷ್ಟೆಲ್ಲ ಆಗಿಯೂ 2021ರಲ್ಲಿ 432ರ ನಿವಾಸಿಗಳ ಮಂಡಳಿಯೇ ಕಟ್ಟಿಸಿದವರ ಮೇಲೆ ದಾವೆ ಹೂಡಿತು. ನೀರು ಸೋರುತ್ತದೆ, ಗಾಳಿಗೆ ಗೋಡೆಗಳು ಕಿರುಗುಟ್ಟುತ್ತವೆ, ಲಿಫ್ಟು ನಿಂತುಬಿಡುತ್ತದೆ ಎಂಬುದು ಅವರ ದೂರು. ಪ್ರತಿವಾದಿಗಳು ಇದನ್ನು ಒಪ್ಪಿಲ್ಲ. ಕೋಟ್ಯಧೀಶರ ಈ ಅಳಲನ್ನು ಓದಿ ನಕ್ಕವರುಂಟು; ನಮಗೆ ನಗೆ ಬರಲಿಲ್ಲ. ಸೋರುವ ಮನೆಯ ಸಂಕಟ ಈ ನಾಡಿಗೆ ಹೊಸದಲ್ಲ. ಆದರೆ ನಮ್ಮ ಮಾಳಿಗೆ ಸೋರಿದರೆ ನಿಚ್ಚಣಿಕೆ ಹಚ್ಚಿ ಏರಿ, ನಾಲ್ಕು ಬುಟ್ಟಿ ಸವುಳು ಮಣ್ಣು ಹಾಕಿ ತುಳಿದರೆ ಆ ವರ್ಷ ಕಳೆಯುತ್ತಿತ್ತು. ಒಡೆಯನೇ ತನ್ನ ಕೈಯಾರೆ ದುರಸ್ತಿ ಮಾಡಲಾರದ, ಯಂತ್ರ ನಿಂತರೆ ಹೊಕ್ಕು ಹೊರಡಲಾರದ ಮನೆಯನ್ನು ಪೂರ್ಣವಾಗಿ ಅವನದೆನ್ನುವುದು ಹೇಗೆ?

ನಮ್ಮ ಮುಖ್ಯ ಆಕ್ಷೇಪಣೆ ಬೇರೆಯದು. ಆ ನಗರದ ಕಾಯಿದೆಯಲ್ಲಿ ಗಿಡ್ಡ ಕಟ್ಟಡದ ಒಡೆಯನು ತಾನು ಕಟ್ಟದೆ ಉಳಿಸಿದ ಎತ್ತರವನ್ನು ನೆರೆಯವನಿಗೆ ಮಾರಬಹುದು. ಹೀಗೆ ಅಕ್ಕಪಕ್ಕದ ಆಕಾಶವನ್ನು ಕೊಂಡು ಒಂದೆಡೆ ಒಟ್ಟಿದ್ದರಿಂದಲೇ ಇಂತಹ ಗೋಪುರಗಳು ಈ ಎತ್ತರವನ್ನು ಮುಟ್ಟಿದವು. ಅವುಗಳ ನೆರಳು ಸೆಂಟ್ರಲ್ ಪಾರ್ಕಿನಲ್ಲಿ, ಬಡವ ಬಲ್ಲಿದರ ಮಕ್ಕಳು ಕೂಡಿ ಆಡುವ ಹುಲ್ಲಿನ ಮೇಲೆ ಚಾಚುತ್ತದೆ. ಮಾರಿದವನಿಗೆ ಹಣ ಬಂತು, ಕೊಂಡವನಿಗೆ ನೋಟ ಬಂತು. ಬಿಸಿಲು ಕಳೆದುಕೊಂಡವನು ಯಾವ ಖಾತೆಯಲ್ಲಿಯೂ ಇಲ್ಲ.

ದೂರದೂರಿನ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ 1973ರಲ್ಲಿ ಮುಗಿದ 25 ಅಂತಸ್ತಿನ ಪಬ್ಲಿಕ್ ಯುಟಿಲಿಟಿ ಕಟ್ಟಡ ಹೆಸರಿಗೆ ತಕ್ಕಂತೆ ಸಾರ್ವಜನಿಕರದಾಗಿತ್ತು. ಇಂದು ಅದನ್ನು ಮೀರಿದವು ಮಂತ್ರಿ ಪಿನಕಲ್‌ನ 46 ಅಂತಸ್ತು, ಯು.ಬಿ. ಸಿಟಿಯ ಪಕ್ಕದ ಕಿಂಗ್‌ಫಿಷರ್ ಟವರ್ಸ್‌ನ 34 ಅಂತಸ್ತು. ಇವು ನ್ಯೂಯಾರ್ಕಿನವುಗಳಷ್ಟು ತೆಳ್ಳಗಿಲ್ಲ; ಆದರೆ ಇವು ಖಾಸಗಿ ನಿವಾಸಗಳು, ಮೇಲಿನ ನೋಟ ಒಳಗಿನವರದು ಮಾತ್ರ. ರಸ್ತೆಗೆ ಜಾಗ ಬಿಟ್ಟವನಿಗೆ ಹಣದ ಬದಲು ಕಟ್ಟುವ ಹಕ್ಕಿನ ಪತ್ರ ಕೊಡುವ, ಅವನದನ್ನು ಮತ್ತೊಬ್ಬನಿಗೆ ಮಾರುವ ಪದ್ಧತಿ ನಮ್ಮ ರಾಜ್ಯಕ್ಕೂ ಬಂದಾಗಿದೆ.

ನಮ್ಮ ಪೇಟೆಗಳಲ್ಲಿ ಮಾಳಿಗೆ ಮನೆಗಳನ್ನು ಇಳಿಸಿ ಕಾಂಕ್ರೀಟು ಏರಿಸುತ್ತಿದ್ದಾರೆ. ಇದಕ್ಕೆ ನಮ್ಮ ವಿರೋಧವಿಲ್ಲ. ಮಣ್ಣು ಹೊತ್ತು ಸಗಣಿ ಸಾರಿಸಿ ಸೊಂಟ ಮುರಿದುಕೊಂಡ ತಾಯಂದಿರನ್ನು ಕೇಳದೆ ಹಳೆಯ ಮನೆಯನ್ನು ಹೊಗಳುವುದು ಸಲ್ಲದು. ಆದರೆ ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಹಾಸಿಕೊಂಡವರು ಮೂರು ಮನೆಯಾಚೆಯವರೊಡನೆ ಮಾತನಾಡುತ್ತಿದ್ದುದು, ಒಬ್ಬನ ಗೋಡೆ ನಾಲ್ಕಡಿ ಏರಿ ಮತ್ತೊಬ್ಬನ ಗಾಳಿ ನಿಂತರೆ ಜಗಳ ಹಿರಿಯರ ಮುಂದೆ ಬರುತ್ತಿದ್ದುದು ಬರಿಯ ಹಳ್ಳಿಗತನವಲ್ಲ. ಗಾಳಿ ಬೆಳಕುಗಳಲ್ಲಿ ನೆರೆಯವನಿಗೂ ಪಾಲುಂಟೆಂಬ ನ್ಯಾಯ ಅದರೊಳಗಿತ್ತು. 2019ರ ಆಗಸ್ಟಿನಲ್ಲಿ ಮಲಪ್ರಭೆ ರಾಮದುರ್ಗಕ್ಕೂ ದಂಡೆಯ ಹಳ್ಳಿಗಳಿಗೂ ನುಗ್ಗಿದಾಗ ಬೇಕಾದ ಎತ್ತರ ಸಾವಿರ ಅಡಿಯಲ್ಲ, ಹತ್ತು ಹನ್ನೆರಡು ಅಡಿ. ಅಂಥ ಹೊತ್ತಿನಲ್ಲಿ ಗಟ್ಟಿ ಮಾಳಿಗೆಯನ್ನು ಏರುವವನು ಅದು ಯಾರದೆಂದು ಕೇಳಿ ಏರುವುದಿಲ್ಲ.

ನಾಳೆ ಬೈಲಹೊಂಗಲದಲ್ಲಿಯೂ ಹತ್ತಂತಸ್ತು ಏಳಬಹುದು, ಏಳಲಿ. ಪರವಾನಗಿ ಕೊಡುವ ಮುನ್ನ, ಮಾರ್ಗಶಿರದ ಮಧ್ಯಾಹ್ನ ಅದರ ನೆರಳು ಯಾವ ಶಾಲೆಯ ಬಯಲಿನಲ್ಲಿ, ಯಾರ ಅಂಗಳದಲ್ಲಿ ಬೀಳುವುದೆಂದು ನಕ್ಷೆಯ ಮೇಲೆ ಗೆರೆ ಎಳೆದು ತೋರಿಸಿರೆಂದು ಪುರಸಭೆ ಕೇಳಬೇಕು. ಆ ಗೆರೆ ಎಳೆಯಲು ದೊಡ್ಡ ಯಂತ್ರ ಬೇಕಿಲ್ಲ. ನಮ್ಮ ಪ್ರೌಢಶಾಲೆಯ ತ್ರಿಕೋನಮಿತಿ ಸಾಕು.